ಸೀಲಿನ ಮೇಲಿನ ಎರಡು ಸಾಲು

ಅನಸೂಯ ಹಂಚಿನಮನಿ ಜನವರಿ ಹನ್ನೆರಡರ ಭಾನುವಾರ ಮಧ್ಯಾಹ್ನ ಮೆಲ್ಬರ್ನಿನ ವೆರಿಬೀಯಲ್ಲಿ ತೀರಿಕೊಂಡಳು. ಹೃದಯಾಘಾತ. ಅರವತ್ತೆರಡು ವರ್ಷವಾಗಿತ್ತು. ಅವಳ ವಾಸ ಸಿಡ್ನಿಯ ಎಪ್ಪಿಂಗಿನಲ್ಲಿ. ವೆರಿಬೀಗೆ ಹೋಗಿದ್ದು ಎರಡು ದಿನದ ಮಟ್ಟಿಗೆ, ಪ್ರಾರ್ಥನಾ ಎಂಬ ಹುಡುಗಿಯ ಜೊತೆ, ಆ ಹುಡುಗಿಯ ತಂದೆತಾಯಿಯ ಮನೆಗೆ.

ನಾನು ಇಪ್ಪತ್ತೆರಡು ವರ್ಷದಿಂದ ಅವಳ ಗೆಳತಿ. ಎಲ್ಲರಿಗೂ ಸಹಾಯ ಮಾಡುತ್ತಿದ್ದಳು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅವಳ ಮೇಜಿಗೆ ಬಂದವರಲ್ಲಿ ಅರ್ಧ ಜನರನ್ನು ಅವಳು ವಾಪಸು ಕಳಿಸುತ್ತಿದ್ದಳು.

ಆ ಮೇಜು ನಮ್ಮ ಸಬರ್ಬಿನ ಲೈಬ್ರರಿಯಲ್ಲಿತ್ತು. ಅನಸೂಯ ಜೆಪಿ ಆಗಿದ್ದಳು, ಅಂದರೆ ಜಸ್ಟಿಸ್ ಆಫ್ ದಿ ಪೀಸ್. ಹೆಸರು ಕೇಳಿದರೆ ನ್ಯಾಯಾಧೀಶರ ಗತ್ತು. ಕೆಲಸ ಮಾತ್ರ ನಮ್ಮೂರಲ್ಲಿ ಗೆಜೆಟೆಡ್ ಆಫೀಸರ್ ಮಾಡುವಂಥದ್ದು. ಜೆರಾಕ್ಸ್ ಪ್ರತಿ ಮೂಲದಂತೆಯೇ ಇದೆ ಎಂದು ಬರೆದುಕೊಡಬೇಕು, ಎದುರಿಗೆ ಕೂತು ಸಹಿ ಮಾಡಿದವರಿಗೆ ಸಾಕ್ಷಿ ಹಾಕಬೇಕು. ಸಂಬಳವಿಲ್ಲ, ಉಡುಗೊರೆ ತೆಗೆದುಕೊಳ್ಳುವಂತಿಲ್ಲ. ವಾರವಿಡೀ ಚಾಟ್ಸ್‌ವುಡ್‌ನ ವಿಮಾ ಕಚೇರಿಯೊಂದರಲ್ಲಿ ಕಾಗದಪತ್ರ ನೋಡುತ್ತಿದ್ದವಳು ಶನಿವಾರ ಹತ್ತರಿಂದ ಹನ್ನೆರಡರವರೆಗೆ ಇಲ್ಲಿ ಬಂದು ಮತ್ತೆ ಕಾಗದಪತ್ರವನ್ನೇ ನೋಡುತ್ತಿದ್ದಳು. ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂಟಿಯಾಗಿದ್ದಳು ಎಂದು ಯಾರಾದರೂ ಮರುಗಿದರೆ, "ರಿಮೋಟ್ ನನ್ನ ಕೈಯಾಗೇ ಇರ್ತೈತಿ, ನಿಮ್ಮನ್ಯಾಗ ಯಾರ ಕೈಯಾಗ ಇರ್ತೈತಿ?" ಎಂದು ಕೇಳುತ್ತಿದ್ದಳು.

ನಮ್ಮ ಜನಕ್ಕೆ ಒಂದು ಅಭ್ಯಾಸವಿದೆ. ಮನೆಯಲ್ಲೇ ಆರಾಮಾಗಿ ಸಹಿ ಮಾಡಿಕೊಂಡು ಬಂದು ಸೀಲು ಮಾತ್ರ ಹೊಡೆಸಿಕೊಳ್ಳಲು ನೋಡುತ್ತೇವೆ. ಅನಸೂಯ ಕಾಗದವನ್ನು ಹಾಗೇ ಹಿಂದಕ್ಕೆ ತಳ್ಳುತ್ತಿದ್ದಳು.

"ನೀವು ಸಹಿ ಮಾಡೂದನ್ನ ನೋಡೀನಿ ಅಂತ ನಾ ಬರೀಬೇಕು. ನಾ ಏನ್ ನಿಮ್ಮ ಅಡಗಿಮನಿ ಕಿಡಕ್ಯಾಗ ನಿಂತಿದ್ನೇನ್ರಿ?"

ಬೇಸನ್ ಉಂಡಿಯ ಡಬ್ಬಿ ತಂದವರಿಗೆ, "ಅದನ್ನ ಮೊದಲ ಚೀಲದಾಗ ಇಡ್ರಿ. ನಾ ಭಾಳ ದುರ್ಬಲ ಹೆಣ್ಮಗಳು," ಎನ್ನುತ್ತಿದ್ದಳು. ಡಬ್ಬಿ ಚೀಲಕ್ಕೆ ಹೋಗುವವರೆಗೆ ಪೆನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ.

ಪ್ರಾರ್ಥನಾ ಮೊದಲ ಸಲ ಬಂದದ್ದು ಒಂದೂವರೆ ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಶನಿವಾರ. ಹದಿನಾರು ವರ್ಷ, ಹನ್ನೊಂದನೇ ತರಗತಿ. ಮುಂದಿನದನ್ನು ಅವಳು ಒಪ್ಪಿದ್ದಕ್ಕೇ ಬರೆಯುತ್ತಿದ್ದೇನೆ. "ಪೂರ್ತಿ ಬರೀರಿ ಆಂಟಿ, ನಾನು ಸಿಲ್ಲಿಯಾಗಿ ಕಂಡ್ರೂ ಪರವಾಗಿಲ್ಲ," ಅಂದಿದ್ದಾಳೆ.

ಅವಳ ಅಪ್ಪ ಶ್ರೀನಾಥ್ ದಾವಣಗೆರೆಯವನು, ಐಟಿಯಲ್ಲಿದ್ದಾನೆ. ಸಿಡ್ನಿಯಲ್ಲಿ ಮನೆ ಕೊಳ್ಳುವ ಆಸೆ ಬಿಟ್ಟು ವೆರಿಬೀಯಲ್ಲಿ ಕಟ್ಟಿಸುತ್ತಿದ್ದ. ವರ್ಷದ ಕೊನೆಗೆ ಎಲ್ಲರೂ ಅಲ್ಲಿಗೆ ಹೊರಡುವುದೆಂದು ಊಟದ ಮೇಜಿನಲ್ಲಿ ಪ್ರಕಟಿಸಿದ. ಮಗಳಿಗೆ ಸಿಡಿಲು ಬಡಿದಂತಾಯಿತು. ಹನ್ನೆರಡನೇ ತರಗತಿ ಇಲ್ಲೊಂದು ರೀತಿ, ಅಲ್ಲೊಂದು ರೀತಿ. ಅರ್ಧ ದಾರಿಯಲ್ಲಿ ರಾಜ್ಯ ಬದಲಿಸಿದರೆ ಇಲ್ಲಿ ಕಲಿತ ಕೆಲವು ವಿಷಯಗಳು ಅಲ್ಲಿಗೆ ಹೊಂದುವುದಿಲ್ಲ. ಅವಳು ಬಾಗಿಲು ಬಡಿದುಕೊಂಡು ರೂಮು ಸೇರಿದಳು. ಅಮೆರಿಕದ ಯಾವುದೋ ಸೀರಿಯಲ್ಲಿನಲ್ಲಿ ಅವಳ ವಯಸ್ಸಿನ ಹುಡುಗನೊಬ್ಬ ಕೋರ್ಟಿಗೆ ಹೋಗಿ ತಂದೆತಾಯಿಯಿಂದ ಬಿಡುಗಡೆ ಪಡೆದಿದ್ದನ್ನು ನೋಡಿದ್ದಳು. ತಾನೂ ಹಾಗೇ ಮಾಡುವುದೆಂದುಕೊಂಡು ಒಂದು ಸ್ಟ್ಯಾಟ್ಯುಟರಿ ಡಿಕ್ಲರೇಶನ್ ಫಾರ್ಮಿನಲ್ಲಿ ಹನ್ನೊಂದು ವಾಕ್ಯ ಟೈಪು ಮಾಡಿಕೊಂಡು ಬಂದಳು. ಆ ಫಾರ್ಮು ನಮ್ಮ ಅಫಿಡವಿಟ್ಟಿನ ತಮ್ಮ ಇದ್ದ ಹಾಗೆ. ಕೊನೆಯ ವಾಕ್ಯ ಹೀಗಿತ್ತು: ಇಂದಿನಿಂದ ನಾನು ನನ್ನ ತಂದೆತಾಯಿಯಿಂದ ಕಾನೂನುಬದ್ಧವಾಗಿ ಸ್ವತಂತ್ರಳು.

"ಜಸ್ಟ್ ಸ್ಟ್ಯಾಂಪ್ ಮಾಡಿ ಆಂಟಿ, ಪ್ಲೀಸ್. ಇಟ್ಸ್ ಕಾನ್ಫಿಡೆನ್ಶಿಯಲ್."

"ನಾ ಓದಂಗಿಲ್ಲವ್ವಾ. ಓದೂದು ನನ್ನ ಕೆಲಸ ಅಲ್ಲ, ಕೇಳೂದು ನನ್ನ ಕೆಲಸ." ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಅದನ್ನು ಇಂಗ್ಲಿಷಿನಲ್ಲಿ ಕೇಳಿ, ಮತ್ತೆ ಕನ್ನಡದಲ್ಲೂ ಕೇಳಿದಳು. "ಇದರಾಗ ಬರದಿದ್ದೆಲ್ಲಾ ನಿನಗ ತಿಳಿದ ಮಟ್ಟಿಗೆ ಖರೇ ಅಂತ ಹೇಳ್ತೀಯೇನು?"

"ಎಲ್ಲಾ? ಲೈಕ್, ಪ್ರತಿಯೊಂದು ಲೈನೂ?"

"ಪ್ರತಿಯೊಂದು. ಸುಳ್ಳಿದ್ರ ಶಿಕ್ಷಾ ಐತಿ. ಅಲ್ಲೇ ಅಚ್ಚಾಗೇತಿ ನೋಡು."

ಹುಡುಗಿ ಪೆನ್ನಿನ ತುದಿಯನ್ನು ಸಾಲಿನ ಕೆಳಗೆ ಎಳೆಯುತ್ತ ಮತ್ತೆ ಮೊದಲಿನಿಂದ ಓದತೊಡಗಿದಳು. ನಾನು ಪಕ್ಕದ ಸೋಫಾದಲ್ಲಿ ಪತ್ರಿಕೆ ಓದುತ್ತ ಅನಸೂಯಳ ಕೆಲಸ ಮುಗಿಯುವುದನ್ನು ಕಾಯುತ್ತಿದ್ದೆ. ನಮಗೆ ಹನ್ನೆರಡಕ್ಕೆ ಕಾಫಿ. ಮೊದಲ ವಾಕ್ಯವೇ "ಅಪ್ಪ ನನ್ನ ಮಾತನ್ನು ಒಮ್ಮೆಯೂ ಕೇಳಿಲ್ಲ" ಎಂದಿತ್ತಂತೆ. ಅದನ್ನು ನೋಡುತ್ತ ಅವಳಿಗೆ, ಇಲ್ಲಿನ ಕೆಲವು ಹುಡುಗರಂತೆ ತಾನೂ ಗಾಜಿನ ಪೆಟ್ಟಿಗೆಯಲ್ಲಿ ಹಾವು ಸಾಕುತ್ತೇನೆಂದಾಗ ಅಪ್ಪ ಒಪ್ಪಿದ್ದು ನೆನಪಾಯಿತಂತೆ. ಹೆದರುಪುಕ್ಕಲ ಮನುಷ್ಯ, ಆರು ತಿಂಗಳು ಆ ಗಾಜಿನ ಪೆಟ್ಟಿಗೆಯ ಮುಂದೆ ಅಡ್ಡಡ್ಡ ನಡೆದಿದ್ದ.

"ಒಂದು ಲೈನ್ ತೆಗೀಬಹುದಾ?"

"ಹೊಡದು ಹಾಕು. ಪಕ್ಕದಾಗ ನೀ ಚಿಕ್ಕ ಸಹಿ ಮಾಡು, ನಾನೂ ಮಾಡ್ತೀನಿ. ತಿದ್ದಿದ್ದಕ್ಕೆಲ್ಲಾ ಇಬ್ಬರ ಸಹಿನೂ ಬೇಕು. ಅವಸರ ಇಲ್ಲ. ಉಳಿದದ್ದನ್ನ ಮನಿಗೊಯ್ದು ವಿಚಾರ ಮಾಡಿ ಬಾ. ಮುಂದಿನ ಶನಿವಾರಾನೂ ನಾ ಇಲ್ಲೇ ಇರ್ತೀನಿ, ಎಲ್ಲಿಗೆ ಹೋಗ್ಲಿ?"

ಎರಡನೆಯ ಶನಿವಾರ "ಅಮ್ಮ ನನಗೆ ಅವಮಾನ ಮಾಡಲೆಂದೇ ಡಬ್ಬಿಗೆ ಮೊಸರವಲಕ್ಕಿ ಹಾಕುತ್ತಾಳೆ" ಎಂಬುದು ಹೋಯಿತು. ಮೊಸರವಲಕ್ಕಿ ನಿಜ, ಉದ್ದೇಶ ಅವಳಿಗೆ ಗೊತ್ತಿರಲಿಲ್ಲ. "ನನ್ನ ಅಡುಗೆ ನಾನೇ ಮಾಡಿಕೊಳ್ಳಬಲ್ಲೆ" ಎಂಬಲ್ಲಿ ತಾನಾಗಿಯೇ ನಿಂತಳು.

"ಆಂಟಿ, ನೂಡಲ್ಸ್ ಅಡುಗೆನಾ?"

"ನಾ ಓದಿಲ್ಲಲ್ಲ, ನನಗೇನ್ ಗೊತ್ತು? ನೀರು ಕುದಿಸೂದು ಅಡಗಿ ಅಂದ್ರ ಅಡಗಿ."

ಹುಡುಗಿ ಅದನ್ನೂ ಹೊಡೆದು ಹಾಕಿದಳು. ಅಂಚಿನ ತುಂಬ ಇಬ್ಬರ ಚಿಕ್ಕ ಸಹಿಗಳು ಇರುವೆ ಸಾಲಿನಂತೆ ಇಳಿದಿದ್ದವು.

ಕೊನೆಯ ವಾಕ್ಯದ ಬಗ್ಗೆ ಅನಸೂಯ ಬಾಯಿ ಬಿಡಲಿಲ್ಲ. ಕಾನೂನಿನ ಸಲಹೆ ಕೊಡುವುದು ಜೆಪಿಗೆ ಸಲ್ಲದು. ಎಳೆಯರಿಗೆ ವಕೀಲರು ಪುಕ್ಕಟೆ ಮಾತಾಡುವ ಫೋನ್ ನಂಬರಿನ ಚೀಟಿ ಲೈಬ್ರರಿಯಲ್ಲೇ ಇತ್ತು. ಅದನ್ನು ತಂದು ಅವಳ ಮುಂದಿಟ್ಟು ಚಾವಣಿ ನೋಡುತ್ತ ಕೂತಳು. ಫೋನಿನಲ್ಲಿ ಸಿಕ್ಕ ವಕೀಲೆ ಅರ್ಧ ಗಂಟೆ ತಾಳ್ಮೆಯಿಂದ ಕೇಳಿದರಂತೆ. ಸೀರಿಯಲ್ಲಿನಲ್ಲಿ ನೋಡಿದಂಥ ಅರ್ಜಿ ಇಲ್ಲಿಲ್ಲ, ಬೇರೆ ಮನೆಯಲ್ಲಿ ಇರುವುದು ಒಂದು ಮಾತು, ಮಗಳೆಂಬ ಸಂಬಂಧದಿಂದಲೇ ಬಿಡುಗಡೆ ಬೇರೆ ಮಾತು ಎಂದು ಬಿಡಿಸಿ ಹೇಳಿ, "ನಿನಗೆ ನಿಜವಾಗಿ ಬೇಕಾದದ್ದೇನು?" ಎಂದು ಕೇಳಿದರು.

ನಾಲ್ಕನೆಯ ಶನಿವಾರ ಹುಡುಗಿ ಹೊಸ ಫಾರ್ಮು ತಂದಳು. ಅದರಲ್ಲಿ ಎರಡೇ ವಾಕ್ಯ. ನನಗೆ ಹನ್ನೆರಡನೇ ತರಗತಿಯನ್ನು ಸಿಡ್ನಿಯಲ್ಲೇ ಮುಗಿಸಬೇಕಾಗಿದೆ. ಇದನ್ನು ನಾನು ಅಪ್ಪನಿಗೆ ಸರಿಯಾಗಿ ಹೇಳಿಲ್ಲ, ಅವರು ಕೇಳಿಯೂ ಇಲ್ಲ. ಅನಸೂಯ ಪ್ರಶ್ನೆ ಕೇಳಿದಳು. ಈ ಸಲ "ಯೆಸ್" ಎಂಬುದು ತಡವಿಲ್ಲದೆ ಬಂತು. ಸಹಿಯಾಯಿತು, ಸೀಲು ಬಿತ್ತು. ಹುಡುಗಿ ಅದನ್ನು ಒಂದು ವಾರ ಸ್ಕೂಲ್ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗಿ, ಮುಂದಿನ ಶನಿವಾರ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿದಳು.

ಅವತ್ತೇ ಹತ್ತೂವರೆಗೆ ಶ್ರೀನಾಥ್ ಆ ಕಾಗದ ಹಿಡಿದು ಲೈಬ್ರರಿಗೆ ಬಂದ. ಹದಿನೈದು ಜನ ಕಾಯುತ್ತಿದ್ದರು. ಅವನು ನೇರವಾಗಿ ಮೇಜಿಗೆ ನುಗ್ಗಿದ.

"ಮೇಡಂ, ಏನು ಮಾಡಿದೀರಿ ನೀವು? ಸೀಲ್ ಹಾಕಿ ನನ್ನ ಮಗಳನ್ನ ನನ್ನಿಂದ ಬಿಡಿಸಿಬಿಟ್ರಾ?"

"ಕ್ಯೂನಾಗ ಬರ್ರಿ."

"ಇದು ಫ್ಯಾಮಿಲಿ ಮ್ಯಾಟರ್ ಮೇಡಂ!"

"ಹೌದ್ರಿ, ಅದಕ್ಕೇ ಕ್ಯೂನಾಗ ಬರ್ರಿ. ಇವರೆಲ್ಲಾರ್ದೂ ಫ್ಯಾಮಿಲಿ ಮ್ಯಾಟರೇ."

ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತ. ಹಿಂದೆ ನಿಂತಿದ್ದ ಚೀನಾದ ಅಜ್ಜಿ ಅವನಿಗೆ ಒಂದು ಪೆಪ್ಪರ್‌ಮಿಂಟ್ ಕೊಟ್ಟದ್ದನ್ನು ನಾನು ಕಂಡೆ. ಅವನ ಸರದಿ ಬಂದಾಗ ಅನಸೂಯ ಎಲ್ಲರನ್ನೂ ಕೇಳುವಂತೆಯೇ, "ಫೋಟೋ ಐಡಿ ತಂದೀರೇನ್ರಿ?" ಅಂದಳು.

"ನಾನು ಸೈನ್ ಮಾಡಿಸೋಕೆ ಬಂದಿಲ್ಲ. ಇದೇನಿದು ಅಂತ ಕೇಳೋಕೆ ಬಂದಿದೀನಿ."

"ಓದಿರೇನು?"

"ಸೀಲ್ ಇದೆ, ನಿಮ್ಮ ನಂಬರ್ ಇದೆ, ಮಗಳ ಸೈನ್ ಇದೆ. ಗೌರ್ಮೆಂಟ್ ಕಾಗದ ಅಲ್ವಾ?"

"ಓದಿರೇನು ಅಂತ ಕೇಳಿದೆ."

ಅವನು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಓದಿರಲಿಲ್ಲ. ಸೀಲು ಕಂಡೊಡನೆ ಎದೆ ಒಡೆದು, ಕಾಗದ ಕಿತ್ತುಕೊಂಡು, ಪಾರ್ಕಿಂಗ್ ಹುಡುಕಿ, ಓಡಿ ಬಂದಿದ್ದ. ನಮ್ಮ ಊರುಗಳ ಕಚೇರಿಗಳಲ್ಲಿ ಬೆಳೆದವರಿಗೆಲ್ಲ ಇರುವ ಕಣ್ಣು ಅದು. ಕಾಗದದ ತಳ ಮೊದಲು ಕಾಣುತ್ತದೆ.

"ಸೀಲ್ ನಂದು. ಆಕಿ ನನ್ನ ಮುಂದ ಸಹಿ ಮಾಡ್ಯಾಳ ಅನ್ನೂದಕ್ಕ ಅಷ್ಟ. ಮ್ಯಾಲಿನ ಎರಡು ಸಾಲು ನಿಮ್ಮ ಮಗಳ್ದು. ಅವನ್ನ ಓದ್ರಿ."

ಅಲ್ಲೇ ನಿಂತು ಓದಿದ. ಎರಡೇ ಸಾಲಾದರೂ ಓದಲು ಬಹಳ ಹೊತ್ತು ಹಿಡಿಯಿತು.

"ಇದನ್ನ ಮನೇಲೇ ಹೇಳಬಹುದಿತ್ತಲ್ಲ," ಅಂದ.

"ಕೇಳ್ತಿದ್ದಿರೇನು?"

ಶ್ರೀನಾಥ್ ಒಳ್ಳೆಯ ಮನುಷ್ಯ. ಸುಳ್ಳು ಹೇಳಲು ಬಾಯಿ ತೆರೆದು, ಮೇಜಿನ ಮೇಲಿದ್ದ ಸೀಲು ನೋಡಿ ಮುಚ್ಚಿದ. "ಇಲ್ಲ," ಅಂದ. ಹಿಂದಿದ್ದವರಿಗೆ ದಾರಿ ಬಿಟ್ಟು ಹೊರಟುಹೋದ.

ಅದೇ ಸಂಜೆ ಅಪ್ಪ ಮಗಳು ಮಾತಾಡಿದರು. ಜಗಳವೂ ಆಯಿತು. ಕೊನೆಗೆ ಅಪ್ಪ ಒಪ್ಪಿದ. ಉಳಿದ ಪ್ರಶ್ನೆ ಒಂದೇ, ಹುಡುಗಿ ಇರುವುದು ಎಲ್ಲಿ? ತಾಯಿ ಮಹಾಶ್ವೇತಾ ಮೂರು ವಾರ ಎಲ್ಲ ಪರಿಚಿತರ ಮನೆ ಅಳೆದು ತೂಗಿ, ಕೊನೆಗೆ ಅನಸೂಯಳ ಬಾಗಿಲಿಗೆ ಬಂದಳು.

"ಅನಸೂಯಕ್ಕ, ನಿಮ್ಮದು ಎರಡು ಬೆಡ್‌ರೂಮಿನ ಯೂನಿಟ್ ಅಲ್ವಾ?"

"ಒಂದರಾಗ ನಾ ಮಲಗ್ತೀನಿ, ಇನ್ನೊಂದರಾಗ ನನ್ನ ಸೀರಿ ಮಲಗ್ತಾವು," ಅಂದಳು ಅನಸೂಯ. ಅವಳಿಗೆ ನಿಜಕ್ಕೂ ಮನಸ್ಸಿರಲಿಲ್ಲ. ಆ ರಾತ್ರಿ ನನಗೆ ಫೋನು ಮಾಡಿ, "ಇಷ್ಟು ವರ್ಷ ಒಬ್ಬಾಕಿನೇ ಇದ್ದು ರೂಢಿ ಆಗೇತಿ, ಹುಡುಗಿ ಟಾವೆಲ್ ನೆಲದ ಮ್ಯಾಲೆ ಒಗದ್ರ ನಾ ಏನ್ ಮಾಡ್ಲಿ?" ಎಂದು ಗೋಳಾಡಿದಳು. ಎರಡು ದಿನ ಬಿಟ್ಟು ಸೀರೆಗಳನ್ನು ನನ್ನ ಮನೆಗೆ ತಂದಿಟ್ಟಳು. ಅವು ಈಗಲೂ ಇಲ್ಲೇ ಇವೆ.

ಹದಿಮೂರು ತಿಂಗಳು ಇಬ್ಬರೂ ಒಟ್ಟಿಗಿದ್ದರು. ಟಾವೆಲ್ ನೆಲದ ಮೇಲೆಯೇ ಬಿತ್ತು. ಅನಸೂಯ ಎರಡೇ ಶರತ್ತು ಹಾಕಿದ್ದಳು. ವಾರಕ್ಕೆರಡು ದಿನ ಅಡುಗೆ ಹುಡುಗಿಯದು, ನೂಡಲ್ಸ್ ಲೆಕ್ಕಕ್ಕಿಲ್ಲ. ಯಾವುದಕ್ಕೂ ತನ್ನ ಅನುಮತಿ ಕೇಳುವಂತಿಲ್ಲ. ಗೆಳತಿಯರ ಜೊತೆ ಬೀಚಿಗೆ, ಸಿನಿಮಾಕ್ಕೆ, ಮೂಗಿಗೆ ಇನ್ನೊಂದು ನತ್ತು ಚುಚ್ಚಿಸಲು, ಎಲ್ಲಕ್ಕೂ "ನಿಮ್ಮಪ್ಪಗ ಫೋನ್ ಹಚ್ಚು" ಎನ್ನುವುದೊಂದೇ ಉತ್ತರ. ಮೊದಮೊದಲು ಅಪ್ಪ, "ಅನಸೂಯಕ್ಕ, ನೀವೇ ಹೇಳಿ, ಕಳಿಸಬಹುದಾ?" ಎಂದು ಕೇಳುತ್ತಿದ್ದ. "ಮಗಳು ಯಾರ್ದು?" ಎಂದು ಫೋನನ್ನು ಹುಡುಗಿಗೇ ಕೊಟ್ಟು ಇವಳು ಬಟ್ಟೆ ಒಣಹಾಕಲು ಹೋಗುತ್ತಿದ್ದಳು. ಹೀಗೆ ಪ್ರಾರ್ಥನಾ ಒಂದೇ ಸೂರಿನಡಿ ಹದಿನಾರು ವರ್ಷದಲ್ಲಿ ಅಪ್ಪನ ಜೊತೆ ಆಡದಷ್ಟು ಮಾತನ್ನು ಒಂಬೈನೂರು ಕಿಲೋಮೀಟರ್ ದೂರದಿಂದ ಒಂದು ವರ್ಷದಲ್ಲಿ ಆಡಿದಳು. ಕನ್ನಡವೂ ಸುಧಾರಿಸಿತು, ಆದರೆ ಅನಸೂಯಳ ಧಾರವಾಡದ ಕಡೆಗೆ. ಮಗಳು "ಹೂನ್ರಿ" ಅಂದದ್ದನ್ನು ಕೇಳಿ ದಾವಣಗೆರೆಯ ಶ್ರೀನಾಥ್ ನನಗೆ ಫೋನು ಮಾಡಿ ನಕ್ಕಿದ್ದ.

ಡಿಸೆಂಬರಿನಲ್ಲಿ ಫಲಿತಾಂಶ ಬಂತು. ಫಿಸಿಯೋಥೆರಪಿಗೆ ಸಿಡ್ನಿಯಲ್ಲೂ ಸೀಟು ಸಿಗುವಂತಿತ್ತು, ಮೆಲ್ಬರ್ನಿನಲ್ಲೂ. ಸ್ಕೂಲು ಮುಗಿಯಿತಲ್ಲ, ಇನ್ನು ಮನೆಗೆ ಬರುತ್ತಾಳೆ ಎಂದು ಅಪ್ಪ ಅಮ್ಮ ವೆರಿಬೀಯಲ್ಲಿ ಅವಳ ಕೋಣೆಗೆ ಬಣ್ಣ ಹೊಡೆಸಿದ್ದರು. ಅವಳಿಗೆ ಸಿಡ್ನಿ ಬೇಕಿತ್ತು. ಅವಳಿಗೀಗ ಹದಿನೆಂಟು. ಯಾವ ಅರ್ಜಿಯೂ, ಯಾರ ಅನುಮತಿಯೂ ಬೇಕಿರಲಿಲ್ಲ. ಸಿಡ್ನಿಯ ಸೀಟು ಒಪ್ಪಿಕೊಂಡು ಒಂದು ಮೆಸೇಜು ಕಳಿಸಿದ್ದರೂ ಸಾಕಿತ್ತು. ಆದರೆ ಎದುರಿಗೆ ಕೂತೇ ಹೇಳುತ್ತೇನೆಂದು ಹೊರಟಳು. "ಆಂಟಿ, ನೀವೂ ಬನ್ನಿ. ಅಪ್ಪ ಅಳೋಕೆ ಶುರು ಮಾಡಿದ್ರೆ ನಂಗೆ ಹ್ಯಾಂಡಲ್ ಮಾಡೋಕಾಗಲ್ಲ," ಅಂದಳು.

"ನಾ ಬರ್ತೀನಿ, ಊಟಕ್ಕ," ಅಂದಳು ಅನಸೂಯ.

ಭಾನುವಾರ ಮಧ್ಯಾಹ್ನ ಊಟದ ಮಧ್ಯದಲ್ಲೇ ಪ್ರಾರ್ಥನಾ ವಿಷಯ ಎತ್ತಿದಳು. ನಡೆದದ್ದನ್ನು ಶ್ರೀನಾಥನೇ ಮರುದಿನ ನನಗೆ ಫೋನಿನಲ್ಲಿ ಹೇಳಿದ. ನಲವತ್ತು ನಿಮಿಷ ಮಾತಾಡಿದರು. ಅವನು ಅತ್ತದ್ದು ನಿಜ, ಮಗಳು ಹ್ಯಾಂಡಲ್ ಮಾಡಿದ್ದೂ ನಿಜ. ಸಿಡ್ನಿಯಲ್ಲೇ ಓದುತ್ತಾಳೆ, ರಜೆಗೆ ಮನೆಗೆ ಬರುತ್ತಾಳೆ, ಬಣ್ಣ ಹೊಡೆದ ಕೋಣೆ ಅವಳದ್ದಾಗಿಯೇ ಇರುತ್ತದೆ. ಹಾಗೆಂದು ಮೂವರೂ ಒಪ್ಪಿದ ಮೇಲೆ ಅದನ್ನು ಅನಸೂಯಳಿಗೆ ಹೇಳಲು ಹಿತ್ತಲಿಗೆ ಹೋದರು. ಅಷ್ಟರಲ್ಲಿ ಅವಳು ಕೂತಲ್ಲೇ ತೀರಿಕೊಂಡಿದ್ದಳು.

ಮಾತು ಶುರುವಾದಾಗ ಅಪ್ಪ, ಮಗಳು ಇಬ್ಬರೂ ಒಟ್ಟಿಗೇ ಅವಳ ಕಡೆ ತಿರುಗಿದ್ದರಂತೆ.

"ಅನಸೂಯಕ್ಕ, ನೀವೇ ಹೇಳಿ."

"ಆಂಟಿ, ಟೆಲ್ ಹಿಮ್."

ಅವಳು ತಟ್ಟೆಗೆ ಇನ್ನೊಂದು ಜೋಳದ ರೊಟ್ಟಿ, ಒಂದಿಷ್ಟು ಎಣ್ಣೆಗಾಯಿ ಹಾಕಿಕೊಂಡು ಎದ್ದಳು. ಹಿತ್ತಲಿಗೆ ಹೋಗಿ ಗಾಜಿನ ಬಾಗಿಲನ್ನು ಹೊರಗಿನಿಂದ ಎಳೆದು ಮುಚ್ಚಿದಳು. ಆಮೇಲೂ ಒಳಗಿನಿಂದ ಅವರು ತನ್ನನ್ನೇ ನೋಡುತ್ತಿರುವುದನ್ನು ಕಂಡು, ಪ್ಲಾಸ್ಟಿಕ್ ಕುರ್ಚಿಯನ್ನು ಬೇಲಿಯ ಕಡೆಗೆ ತಿರುಗಿಸಿ, ಮನೆಗೆ ಬೆನ್ನು ಹಾಕಿ ಕೂತು ಊಟ ಮುಂದುವರಿಸಿದಳು.