ಎರಡು ಒತ್ತು, ಒಂದು ವಟ್ರಸುಳಿ

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹನುಮಂತನಗರದ ಮನೆಯಿಂದ ಹೊರಟೆ. ಕೈಯಲ್ಲಿ ಬಿಳಿ ಕೋಲು, ಹೆಗಲಿಗೆ ಬಟ್ಟೆ ಚೀಲ, ಹೊಟ್ಟೆಯಲ್ಲಿ ಒಂದು ವಾರದ ಸಿಟ್ಟು. ಗೇಟಿನ ತನಕ ಬಂದ ನನ್ನ ಹೆಂಡತಿ ಸರೋಜ, "ಹೆಬ್ಬೆಟ್ಟು ಒತ್ತಿದ್ರೆ ನಿಮ್ದೇನ್ ಹೋಗುತ್ತೆ ರೀ? ಬಂದ್ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿಬಿಡ್ತೀನಿ" ಎಂದಳು. ಉತ್ತರ ಕೊಟ್ಟರೆ ಜಗಳವಾಗುತ್ತದೆಂದು ಕೋಲು ಕುಟ್ಟುತ್ತಾ ಬಸ್ ಸ್ಟಾಪಿನ ಕಡೆ ನಡೆದೆ.

ಸಿಟ್ಟಿನ ಕಾರಣ ಇಷ್ಟು. ಮಗಳು ಶ್ವೇತಾಳ ಮದುವೆ ಕಳೆದ ತಿಂಗಳು ಆಯಿತು. ಅದನ್ನು ನೋಂದಾಯಿಸಲು ಹಿಂದಿನ ವಾರ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆವು. ಸಾಕ್ಷಿಯಾಗಿ ನಾನು ಸಹಿ ಹಾಕಬೇಕಿತ್ತು. ಗುಮಾಸ್ತರು ನನ್ನ ಕೋಲು ನೋಡಿದ್ದೇ ತಡ, ಪೆನ್ನಿನ ಬದಲು ಶಾಯಿಯ ಪ್ಯಾಡನ್ನು ಮುಂದೆ ತಳ್ಳಿದರು. ನಾನು ಮೂವತ್ತೆಂಟು ವರ್ಷ ಅಂಗಡಿ ಬೋರ್ಡು ಬರೆದವನು. ಜಯನಗರ, ಬನಶಂಕರಿಯ ಎಷ್ಟೋ ಬಾಗಿಲುಗಳ ಮೇಲೆ ನನ್ನ ಕೈಬರಹವಿದೆ. ಗ್ಲಾಕೋಮಾ ನನ್ನ ಕಣ್ಣು ತೆಗೆದುಕೊಂಡಿತೇ ಹೊರತು ಅಕ್ಷರವನ್ನಲ್ಲ. ನಮ್ಮಲ್ಲಿ ಹೆಬ್ಬೆಟ್ಟು ಎಂದರೆ ಬರೀ ಬೆರಳಲ್ಲ, ಓದುಬರಹ ಬಾರದವನನ್ನು ಹೀಯಾಳಿಸುವ ಮಾತು. ಹಟಕ್ಕೆ ಬಿದ್ದು ಅಂದು ಪೆನ್ನು ಕಿತ್ತುಕೊಂಡೆ. ಗೆರೆ ಎಲ್ಲಿದೆಯೆಂದು ತಿಳಿಯದೆ ಅಳಿಯನ ಹೆಸರಿನ ಮೇಲೇ ಬರೆದು ಅರ್ಜಿ ಹಾಳು ಮಾಡಿದೆ. "ಮುಂದಿನ ಬುಧವಾರ ಬನ್ನಿ. ಹೆಬ್ಬೆಟ್ಟು ಒತ್ತಿ, ಇಲ್ಲಾಂದ್ರೆ ಬೇರೆ ಸಾಕ್ಷಿ ಕರ್ಕೊಂಡ್ಬನ್ನಿ" ಎಂದರು. ನನ್ನ ಭಾವಮೈದ ಶಂಕರ ಆಗಲೇ ತಯಾರಾಗಿ ನಿಂತಿದ್ದ. ಅಂದರೆ ಈ ಬುಧವಾರ ಮಧ್ಯಾಹ್ನ ಮೂರರೊಳಗೆ ನಾನು ಶ್ವೇತಾ ಹುಡುಕಿಕೊಟ್ಟ ಜಯನಗರದ ಅಂಧರ ತರಬೇತಿ ಕೇಂದ್ರದಲ್ಲಿ ಸಹಿ ಹಾಕುವುದನ್ನು ಕಲಿಯಬೇಕು, ಇಲ್ಲವಾದರೆ ಮಗಳ ಮದುವೆಯ ಕಾಗದದಲ್ಲಿ ಅಪ್ಪನ ಜಾಗದಲ್ಲಿ ಶಂಕರನ ಸಹಿ.

ಬಸ್ ಸ್ಟಾಪಿನಲ್ಲಿ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಒಂದು ಬಸ್ಸು ಬಂದು ನಿಂತ ಸದ್ದಾಯಿತು. "ಇದು ಬನಶಂಕರಿಗೆ ಹೋಗುತ್ತಾ?" ಎಂದು ಕೇಳಿದೆ. ಒಳಗಿನಿಂದ ಯಾರೋ "ಬೋರ್ಡ್ ನೋಡಿ ಹತ್ತಿ ಅಂಕಲ್" ಎಂದರು. ಜೀವಮಾನವೆಲ್ಲ ಬೋರ್ಡು ಬರೆದವನಿಗೆ ಈ ಉಪದೇಶ. ಬಸ್ಸು ಹೊರಟೇ ಹೋಯಿತು. ಇನ್ನೆರಡು ಬಸ್ಸುಗಳಾದ ಮೇಲೆ ಹೂ ಮಾರುವ ಹೆಂಗಸೊಬ್ಬಳು ರಟ್ಟೆ ಹಿಡಿದು ಹತ್ತಿಸಿದಳು. ಪಾಸ್ ಇತ್ತು, ಟಿಕೆಟ್ ಬೇಕಾಗಲಿಲ್ಲ.

ಬನಶಂಕರಿಯಿಂದ ಜಯನಗರಕ್ಕೆ ಮೆಟ್ರೋದಲ್ಲಿ ಎರಡೇ ನಿಲ್ದಾಣ. ಕಾಲಡಿಯಲ್ಲಿ ಉಬ್ಬುಗೆರೆಯ ಹಾಸುಗಲ್ಲು, ಕಿವಿಗೆ ಮುಂದಿನ ನಿಲ್ದಾಣದ ಹೆಸರು. ಇಲ್ಲಿ ನಾನು ಯಾರ ರಟ್ಟೆಯನ್ನೂ ಹಿಡಿಯಲಿಲ್ಲ. ಇಷ್ಟು ಮಾಡಲು ಈ ಊರಿಗೆ ಬರುತ್ತದೆ ಎಂದಾಯಿತಲ್ಲ, ಹಾಗಿದ್ದರೆ ರಸ್ತೆಗಿಳಿದ ಮೇಲೆ ಯಾಕೆ ಬರುವುದಿಲ್ಲ? ಜಯನಗರದ ಫುಟ್‌ಪಾತಿನಲ್ಲೂ ಅದೇ ಉಬ್ಬುಗೆರೆ ಸಿಕ್ಕಿತು. ನಂಬಿ ಹೆಜ್ಜೆ ಎಣಿಸುತ್ತಾ ಹೋದೆ. ನೂರ ನಲವತ್ತನೆಯ ಹೆಜ್ಜೆಗೆ ಎಳನೀರಿನವನ ದನಿ ಕೇಳಿಸಿತು. "ಅಣ್ಣ, ನಿಂತ್ಕೊಳ್ಳಿ. ಮುಂದೆ ಟ್ರಾನ್ಸ್‌ಫಾರ್ಮರ್ ಐತೆ." ಕುರುಡರಿಗೆಂದು ಹಾಕಿದ ಗೆರೆ ನೇರವಾಗಿ ಟ್ರಾನ್ಸ್‌ಫಾರ್ಮರಿನ ಬೇಲಿಗೆ ಹೋಗಿ ಮುಟ್ಟಿತ್ತು. ಹಾಕಿದವರು ಒಂದು ಸಲ ಕಣ್ಣು ಮುಚ್ಚಿ ಅದರ ಮೇಲೆ ನಡೆದಿದ್ದರೆ ಸಾಕಿತ್ತು. ಅವರಿಗೆ ಬೇಕಿದ್ದದ್ದು ಗೆರೆಯ ಫೋಟೋ ಇರಬೇಕು.

ನಾನು ಹೋಗಬೇಕಿದ್ದ ತರಬೇತಿ ಕೇಂದ್ರ ಒಂದು ಮನೆಯ ಮಹಡಿಯಲ್ಲಿತ್ತು. ಅಲ್ಲಿ ಕಲಿಸುವ ಮಮತಾಳಿಗೂ ದೃಷ್ಟಿಯಿಲ್ಲ. ಧಾರವಾಡದ ಹುಡುಗಿ, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದಾಳೆ. "ಬರ್ರಿ ಸರ, ಕುರ್ಚಿ ನಿಮ್ಮ ಎಡಕ್ಕ ಐತಿ" ಎಂದಳು. ಅಕ್ಷರ ಓದಿ ಹೇಳುವ ಫೋನು, ಲೋಟ ತುಂಬುತ್ತಿದ್ದಂತೆ ಕೂಗುವ ಪುಟ್ಟ ಯಂತ್ರ, ಎಲ್ಲವನ್ನೂ ಕೈಗೆ ಕೊಟ್ಟು ತೋರಿಸಿದಳು. ದೃಷ್ಟಿ ಮಸುಕಾಗಿ ಆರು ವರ್ಷವಾಯಿತು. ಇವೆಲ್ಲ ಮನೆಯಿಂದ ಇಷ್ಟು ಹತ್ತಿರ ಇವೆಯೆಂದು ಕಣ್ಣಿಗೆ ಹನಿ ಬರೆದುಕೊಟ್ಟ ಒಬ್ಬ ಡಾಕ್ಟರೂ ಹೇಳಿರಲಿಲ್ಲ. "ಇನ್ನೇನೂ ಮಾಡಕ್ಕಾಗಲ್ಲ" ಎಂದು ಕಳಿಸಿದ್ದರು.

ಕೊನೆಗೆ ಮಮತಾ ಒಂದು ಪ್ಲಾಸ್ಟಿಕ್ ಕಾರ್ಡು ಕೊಟ್ಟಳು. ನಡುವೆ ಉದ್ದನೆಯ ಕಿಂಡಿ. ಕಿಂಡಿಯನ್ನು ಸಹಿಯ ಜಾಗಕ್ಕೆ ಹೊಂದಿಸಿ ಅದರೊಳಗೆ ಬರೆಯಬೇಕು. ನನಗೆ ನಗು ಬಂತು. ನಮ್ಮ ಕಸುಬಿನಲ್ಲಿ ಇದಕ್ಕೆ ಸ್ಟೆನ್ಸಿಲ್ ಎನ್ನುತ್ತೇವೆ. ಸ್ಟೆನ್ಸಿಲ್ ಇಟ್ಟು ಬಳಿಯುವವರನ್ನು ಎಷ್ಟು ಗೇಲಿ ಮಾಡಿದ್ದೆನೋ, ಈಗ ಅದೇ ನನ್ನ ಕೈಗೆ ಬಂತು. ಕಿಂಡಿಯೊಳಗೆ ಹೆಸರು ಬರೆದೆ. ಮಮತಾ ಹಾಳೆಯ ಮೇಲೆ ಫೋನು ಹಿಡಿದಳು. "ಕಷಪ" ಎಂದಿತು ಫೋನು.

"ನಿಮ್ಮ ಹೆಸರು ಏನ್ರಿ ಸರ?"

"ಕೃಷ್ಣಪ್ಪ."

ಬೆರಳಾಡಿಸಿ ನೋಡಿದೆ, ತಪ್ಪು ತಿಳಿಯಿತು. ಕಿಂಡಿ ತೀರಾ ಕಿರಿದು. ಇಂಗ್ಲಿಷಿನವರಿಗೆ ಅಷ್ಟು ಸಾಕು, ಒಂದೇ ಸಾಲಿನಲ್ಲಿ ಓಡುವ ಅಕ್ಷರ. ನನ್ನ ಹೆಸರಿನಲ್ಲಿ ಎರಡು ಒತ್ತು, ಒಂದು ವಟ್ರಸುಳಿ. ಮೂರೂ ಗೆರೆಯ ಕೆಳಗೆ ಇಳಿಯುವಂಥವು. ಇಳಿದಾಗಲೆಲ್ಲ ಪೆನ್ನು ಪ್ಲಾಸ್ಟಿಕ್ಕಿನ ಅಂಚಿಗೆ ಬಡಿದು ಅಲ್ಲೇ ನಿಂತಿತ್ತು. ಕಣ್ಣಿಲ್ಲದವರು ಕನ್ನಡದಲ್ಲಿ ಸಹಿ ಮಾಡಿಯಾರು ಎಂದು ಇದನ್ನು ಮಾಡಿದವರಿಗೆ ತೋಚಲೇ ಇಲ್ಲವಲ್ಲ ಎಂದು ಮತ್ತೆ ಮೈ ಉರಿಯಿತು.

"ಹಳೇ ಎಕ್ಸ್‌ರೇ ಇದ್ಯೇನಮ್ಮ? ಒಂದು ಬ್ಲೇಡು?"

"ನನ್ನ ಮೊಣಕಾಲಿಂದು ಐತ್ರಿ. ಕತ್ತರಸ್ರಿ, ಕಾಲು ಈಗ ಆರಾಮ ಐತಿ."

ಎಕ್ಸ್‌ರೇ ಹಾಳೆಯಲ್ಲಿ ಸ್ಟೆನ್ಸಿಲ್ ಕತ್ತರಿಸುವುದು ನಮ್ಮವರ ಹಳೆಯ ಅಭ್ಯಾಸ. ಅಳತೆ ಬೆರಳಿಗೆ ಗೊತ್ತಿತ್ತು. ಅಕ್ಷರಕ್ಕೊಂದು ಪಾಲು, ಒತ್ತಿಗೆ ಅದರ ಕೆಳಗೆ ಇನ್ನೊಂದು ಪಾಲು ಜಾಗ ಬಿಟ್ಟು ಕಿಂಡಿ ಕೊರೆದೆ. ಎಡದ ಅಂಚಿನಲ್ಲಿ ಗುರುತಿಗೊಂದು ಕಚ್ಚು ಹಾಕಿದೆ. ನಾಲ್ಕನೆಯ ಸಲ ಫೋನು ಸ್ಪಷ್ಟವಾಗಿ "ಕೃಷ್ಣಪ್ಪ" ಎಂದಿತು. ಮತ್ತೊಮ್ಮೆ ಓದಿಸಿ ಕೇಳಿದೆ. ಅಂಥದೇ ಇನ್ನೊಂದನ್ನು ಕತ್ತರಿಸಿ ಮಮತಾಳಿಗೆ ಕೊಟ್ಟೆ.

ಕೆಳಗಿನ ಹೋಟೆಲಿನಲ್ಲಿ ರವೆ ಇಡ್ಲಿ ತಿಂದೆ. ಇಡ್ಲಿ ಬಿಸಿಯಾಗಿತ್ತು, ಸಾಗು ತಣ್ಣಗಿತ್ತು. ಸಪ್ಲೈಯರ್ ನನ್ನ ಪಕ್ಕದಲ್ಲಿ ಕೂತ ಅಪರಿಚಿತನನ್ನು "ಇವರಿಗೆ ಕಾಫಿ ಬೇಕಂತಾ?" ಎಂದು ಕೇಳಿದ. ನನ್ನ ನಾಲಿಗೆಗೂ ಗ್ಲಾಕೋಮಾ ಆಗಿದೆ ಎಂದುಕೊಂಡನೋ ಏನೋ.

ಮೆಟ್ರೋ ಹಿಡಿದು ಜೆ.ಪಿ. ನಗರದಲ್ಲಿ ಇಳಿದು, ಆಟೋದಲ್ಲಿ ಕಚೇರಿ ಸೇರುವಾಗ ಎರಡೂವರೆ. ಶ್ವೇತಾ, ಅಳಿಯ, ಶಂಕರ ಮೂವರೂ ಕಾಯುತ್ತಿದ್ದರು. ನಮ್ಮ ಸರದಿ ಬಂತು. ಪ್ಯಾಡಿನ ಮುಚ್ಚಳ ತೆರೆದ ಸದ್ದು ಕೇಳಿಸಿತು.

"ಸೈನ್ ಮಾಡ್ತೀನಿ ಸಾರ್" ಎಂದೆ.

ಗುಮಾಸ್ತರು ಶ್ವೇತಾಳಿಗೆ ಹೇಳಿದರು: "ನಿಮ್ಮ ತಂದೆಗೆ ಹೇಳಮ್ಮ. ಕಣ್ಣು ಕಾಣ್ದೋರಿಗೆ ಹೆಬ್ಬೆಟ್ಟೇ ರೂಲ್ಸು."

"ಕಿವಿ ಕೇಳುತ್ತೆ ಸಾರ್, ನನಗೇ ಹೇಳಿ. ಎಲ್ಲಿದೆ ಆ ರೂಲ್ಸು?"

"ತೋರ್ಸಿದ್ರೆ ನಿಮಗೆ ಕಾಣುತ್ತಾ?"

"ಕಾಣಲ್ಲ. ನೀವು ಓದಿ, ನಾನು ಕೇಳ್ತೀನಿ."

ಡ್ರಾಯರು ಎಳೆದರು. ಕಾಗದ ಮಗುಚಿದರು. ಪಕ್ಕದ ಮೇಜಿನವರನ್ನು ಏನೋ ಕೇಳಿದರು. ಆಮೇಲೆ ದನಿ ಇಳಿಸಿ, "ಮೊದಲಿಂದ ಹಂಗೇ ಮಾಡ್ಕೊಂಡು ಬಂದಿರೋದು" ಎಂದರು. ಇಲ್ಲದ ಒಂದು ನಿಯಮಕ್ಕೆ ಎಷ್ಟು ಜನ ಓದು ಬಲ್ಲವರು ಇಲ್ಲಿ ತಲೆ ತಗ್ಗಿಸಿ ಬೆರಳಿಗೆ ಶಾಯಿ ಬಳಿದುಕೊಂಡು ಹೋದರೋ.

ಶ್ವೇತಾ ಎಕ್ಸ್‌ರೇ ಹಾಳೆಯನ್ನು ಅರ್ಜಿಯ ಮೇಲಿಟ್ಟು ನನ್ನ ಬೆರಳನ್ನು ಕಚ್ಚಿಗೆ ಮುಟ್ಟಿಸಿದಳು. ಬೋರ್ಡು ಬರೆದಷ್ಟೇ ನಿಧಾನವಾಗಿ ಬರೆದೆ.

ಗುಮಾಸ್ತರು ಕಾಗದ ಎತ್ತಿ ನೋಡಿರಬೇಕು. "ಬಾಕ್ಸಿಂದ ಕೆಳಗೆ ಬಂದಿದೆಯಲ್ಲ" ಎಂದರು.

"ಅದು ಒತ್ತಕ್ಷರ ಸಾರ್" ಎಂದಳು ಶ್ವೇತಾ. "ಕೆಳಗೇ ಬರಬೇಕು."

ಸೀಲು ಬಿದ್ದ ಸದ್ದು ಕೇಳಿದ ಮೇಲೆಯೇ ನಾನು ಕುರ್ಚಿಯಿಂದ ಎದ್ದದ್ದು.

ಮನೆಗೆ ಬಿಡುತ್ತೇವೆ ಎಂದು ಅಳಿಯ ಎಷ್ಟು ಹೇಳಿದರೂ ಒಪ್ಪದೆ ಬಸ್ಸಿನಲ್ಲೇ ಬಂದೆ. ಸ್ಟಾಪಿನ ಹೆಸರು ಯಾರೂ ಕೂಗಲಿಲ್ಲ. ಒಂದು ಸ್ಟಾಪು ಮುಂದೆ ಹೋಗಿ, ಬೈದುಕೊಳ್ಳುತ್ತಾ ಹಿಂದಕ್ಕೆ ನಡೆದೆ. ಗೇಟಿನಲ್ಲಿ ಸರೋಜ ಕಾಯುತ್ತಿದ್ದಳು. ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಂತು. "ಬೆರಳು ತೋರ್ಸಿ" ಎಂದು ನನ್ನ ಎಡಗೈ ಹಿಡಿದು ತಿರುಗಿಸಿದಳು. ಬಲಗೈಯನ್ನೂ ತಿರುಗಿಸಿದಳು. ಎರಡರಲ್ಲೂ ಅವಳಿಗೆ ಶಾಯಿ ಸಿಗಲಿಲ್ಲ.

"ಬಾಟ್ಲು ತೆಗೆದಾಗಿದೆ" ಎಂದಳು. "ಕೂತ್ಕೊಳ್ಳಿ, ತಲೆಗೆ ಹಚ್ತೀನಿ."