ಮೂರನೆಯ ಭಾಗಕ್ಕಾಗಿ ಸಚಿನ್‌ಗೆ

ಸೋಮವಾರ ಬೆಳಿಗ್ಗೆ ಮಣಿನಗರದಲ್ಲಿ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಕಾದಂಬರಿಯ ಎರಡು ತುಂಡುಗಳಿದ್ದವು. ಮೂರನೆಯ ತುಂಡು ತರಲು ಸೂರತ್ತಿನ ಆಚೆ, ಸಚಿನ್ ಎಂಬ ಊರಿನವರೆಗೆ ಹೊರಟಿದ್ದೆ. ಟಿಕೆಟ್ಟಿಗೆ ನೂರು ಚಿಲ್ಲರೆ ರೂಪಾಯಿ, ದಾರಿ ನಾಲ್ಕು ತಾಸು, ಮೇ ತಿಂಗಳ ಬಿಸಿಲು ಪುಕ್ಕಟೆ.

ಅವ್ವ ಮತ್ತು ಅವಳ ತಂಗಿ, ನನ್ನ ಮೌಶಿ, ಧಾರವಾಡದಲ್ಲಿ ಹುಡುಗಿಯರಾಗಿದ್ದಾಗ ವಾರಪತ್ರಿಕೆಯ ಧಾರಾವಾಹಿಗಳನ್ನು ಹರಿದು ಹೊಲಿದು ಓದಿದವರು. ಈಗಲೂ ದಪ್ಪ ಪುಸ್ತಕ ಕಂಡರೆ ಮೌಶಿ ಬ್ಲೇಡು ತೆಗೆಯುತ್ತಾಳೆ. ಇಂಗ್ಲಿಷಿಗೆ ಬಂದ ಈ ಸ್ವೀಡನ್ನಿನ ಪತ್ತೇದಾರಿಯನ್ನೂ ಮೂರು ತುಂಡು ಮಾಡಿ ಹೊಲಿದು, ತನ್ನದು ಓದಿ ಮುಗಿದಂತೆ ಒಂದೊಂದಾಗಿ ಅವ್ವನಿಗೆ ಕಳಿಸಿದಳು. ಎರಡು ಬಂದವು, ಮೂರನೆಯದು ಬರಲಿಲ್ಲ. ಇತ್ತ ಅವ್ವನ ಕಣ್ಣಿನ ಪೊರೆಯ ಆಪರೇಷನ್ನು ಎರಡು ಸಲ ಮುಂದೆ ಹೋಗಿತ್ತು, ಎರಡೂ ಸಲ ಅವ್ವನಿಂದಲೇ. ಈಗ ಈ ಗುರುವಾರಕ್ಕೆ ನಿಗದಿಯಾಗಿತ್ತು.

"ಕತಿ ಮುಗೀದ ನಾ ದವಾಖಾನಿ ಮೆಟ್ಟಲಾ ಹತ್ತೂದಿಲ್ಲ," ಎಂದಳು.

"ಕೊಂದವರು ಯಾರಂತ ಮೌಶಿಗೆ ಫೋನ್ ಹಚ್ಚಿ ಕೇಳವಾ. ಒಂದ ಹೆಸರು, ಮುಗೀತು."

"ಫೋನಿನ್ಯಾಗ ಕೇಳಿದ್ರ ಅದು ಸುದ್ದಿ ಆಗ್ತದ. ಕತಿ ಆಗೂದಿಲ್ಲ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲೂ ಇಷ್ಟು ಸಡಿಲ ವಾದ ಕೇಳಿರಲಿಲ್ಲ. ಖಂಡಿಸಬೇಕೆಂದೇ ಹಿಂದಿನ ದಿನ ಮೊದಲ ಭಾಗ ಓದಿದ್ದೆ. ಹೆಪ್ಪುಗಟ್ಟಿದ ಸರೋವರ, ನಡುವೆ ಸಿಕ್ಕಿಬಿದ್ದ ದೋಣಿ, ಅದರಲ್ಲಿ ಹೆಣ, ಪಕ್ಕದಲ್ಲಿ ಇನ್ನೂ ಉರಿಯುತ್ತಿರುವ ದೀಪ. ತನಿಖೆಗೆ ಬಂದ ಪೊಲೀಸ್ ಹೆಂಗಸು ಕಾಫಿ ಕಾಸಿಕೊಂಡು ಕಿಟಕಿಯ ಬಳಿ ನಿಲ್ಲುತ್ತಾಳೆ, ಅಷ್ಟೇ. ಸುಳಿವುಗಳಲ್ಲಿ ನಾಲ್ಕು ತೂತು ಕಂಡುಹಿಡಿದೆ. ಆದರೂ ರೈಲಿನಲ್ಲಿ ಕೂತವಳೇ ಎರಡನೆಯ ಭಾಗ ತೆರೆದೆ.

ಎದುರು ಕೂತಿದ್ದ ಹಿರಿಯರು ವಡೋದರಾಕ್ಕೆ, ಮಗಳ ಮನೆಗೆ ಹೊರಟಿದ್ದರು. ಮೆಂತ್ಯಸೊಪ್ಪಿನ ರೊಟ್ಟಿ, ಥೇಪ್ಲಾ ಕೊಟ್ಟರು. ಆಮೇಲೆ ಪೇಪರಿನ ಒಳಹಾಳೆ ಕೇಳಿದಷ್ಟೇ ಸಲೀಸಾಗಿ ಮೊದಲ ಭಾಗಕ್ಕೆ ಕೈ ಚಾಚಿದರು. ಮಹಿ ನದಿ ದಾಟಿದ್ದು ನೆನಪಿದೆ. ಮುಂದೆ ಬಿಸಿಲು ಬೆಳ್ಳಗೆ ಹೊಲಗಳ ಮೇಲೆ ಹಿಮದಂತೆ ಬೀಳುತ್ತಿತ್ತು, ನಾವಿಬ್ಬರೂ ಆ ಸರೋವರದ ಮೇಲೆ ಮೆಲ್ಲಗೆ ನಡೆಯುತ್ತಿದ್ದೆವು. ಯಾವುದೋ ದೊಡ್ಡ ನಿಲ್ದಾಣ ಬಂತು. ಚಹಾದವನ ಕೂಗು ಮಂಜುಗಡ್ಡೆಯ ಅಡಿಯಿಂದ ಬಂದಂತೆ ಕೇಳಿತು, ಕರಗಿತು.

"ಅರೆ, ವಡೋದರಾ ಗಯು?"

ಹಿರಿಯರು ದಡಬಡಿಸಿ ಎದ್ದಾಗ ವಡೋದರಾ ಹಿಂದೆ ಬಿದ್ದು ಬಹಳ ಹೊತ್ತಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದ ಮಗಳು ಫೋನಿನಲ್ಲಿ ಬೈದದ್ದು ನನಗೂ ಕೇಳಿಸಿತು. ಭರೂಚಿನಲ್ಲಿ ಇಳಿಯುವಾಗ ಅವರು, "ದೋಣಿಯಲ್ಲಿ ದೀಪ ಹಚ್ಚಿದ್ದು ಯಾರು, ಬೇಟಾ?" ಎಂದು ಹಿಂದಿಯಲ್ಲಿ ಕೇಳಿದರು. ಕೊಂದದ್ದು ಯಾರೆಂದು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ನರ್ಮದೆಯ ಸೇತುವೆ ಮುಗಿಯುವ ತನಕ ಆ ಬಿಳಿ ಮರಳಿನಲ್ಲಿ ಒಂದು ದೋಣಿಗಾಗಿ ಹುಡುಕಿದೆ.

ಸೂರತ್ತಿನಿಂದ ಶೇರ್ ಆಟೋ. ಮೌಶಿಯ ಗಂಡ ಸಚಿನ್‌ನ ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ. ಅವರ ಓಣಿಯ ಗಾಳಿಗೂ ಅದೇ ವಾಸನೆ. ಮೌಶಿ ಚಪಾತಿ, ಮಾವಿನಹಣ್ಣಿನ ಸೀಕರಣಿ ಬಡಿಸಿ, ನಾನು ಬಾಯಿ ತೆರೆಯುವ ಮೊದಲೇ, "ಮೂರನೇದು ಕೊಡೂದಿಲ್ಲ," ಎಂದಳು.

"ಕೊಡದಿದ್ರ ಆಕಿ ದವಾಖಾನಿಗೆ ಹೋಗೂದಿಲ್ಲ, ಮೌಶಿ."

"ಕೊಟ್ರ ಓದಿ ಮುಗಿಸಿ ಇನ್ನೊಂದು ನೆವ ಹುಡುಕ್ತಾಳ. ಹೆದರಿಕಿ ಅದ ಆಕಿಗೆ, ಗೊತ್ತಿಲ್ಲೇನು? ನಾನೂ ಬರ್ತೀನಿ ನಿನ್ನ ಜೋಡಿ. ಕಣ್ಣಿಗೆ ಪಟ್ಟಿ ಕಟ್ಟಿದ ಮ್ಯಾಲ ಬಾಜೂಕ ಕೂತು ಓದ್ತೀನಿ. ಅಲ್ಲೀತನಕ ಒಂದಕ್ಷರ ಇಲ್ಲ. ನಿನಗೂ ಇಲ್ಲ."

ನಿಜ ಹೇಳಬೇಕೆಂದರೆ, 'ನಿನಗೂ ಇಲ್ಲ' ಎಂಬುದು ಹೆಚ್ಚು ಚುಚ್ಚಿತು.

ಮರುದಿನ ವಾಪಸು ಬರುವಾಗ ಮೌಶಿ ಮೂರನೆಯ ಭಾಗವನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋದಳು. ಕೊನೆಯ ಪುಟದ ಮೂಲೆ ಗಾಳಿಗೆ ಎದ್ದು ಎದ್ದು ಕರೆಯುತ್ತಿತ್ತು. ಬೆರಳು ಅಲ್ಲಿಯವರೆಗೆ ಹೋಗಿ ಹಿಂದೆ ಬಂತು. ಆ ದೀಪ ಇನ್ನೂ ಸ್ವಲ್ಪ ಹೊತ್ತು ಉರಿಯಲಿ ಅನಿಸಿತು.

ಮಣಿನಗರದಲ್ಲಿ ಅವ್ವ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಹತ್ತು ಹೆಜ್ಜೆ ದೂರದಲ್ಲಿದ್ದ ತಂಗಿಯ ಗುರುತು ಹತ್ತದೆ, ದನಿ ಕೇಳಿದ ಮೇಲೆ ನಕ್ಕಳು. ಮರುಕ್ಷಣ, "ಎಲ್ಲದ?" ಎಂದಳು. ಮೌಶಿ ತನ್ನ ಕರಾರು ಹೇಳಿದಳು.

"ರಾಕ್ಷಸಿ ಇದ್ದೀ ನೀ."

"ಹೌದು."

ಚೀಲಕ್ಕೆ ಹೋದ ಅವ್ವನ ಕೈಗೆ ಮೌಶಿ ಫಟ್ಟನೆ ಹೊಡೆದಳು. ನಾನು ಹಿಂದಿರುಗಿ ನೋಡಿದೆ; ರೈಲಿನ ಕೊನೆಯ ಡಬ್ಬಿ ಬಿಸಿಲಿನ ಬಿಳುಪಿನಲ್ಲಿ ಕರಗುತ್ತಿತ್ತು. ಮೂವರೂ ಆಟೋ ಹತ್ತಿದೆವು. ಅವ್ವ ನನ್ನ ಕಡೆ ತಿರುಗಿ ಹೇಳಿದಳು:

"ಗುರುವಾರದ ತನಕ ಯಾಕ ಕಾಯೂದು? ನಾಳೇನ ಮಾಡ್ತಾರೇನು, ದವಾಖಾನಿಗೆ ಫೋನ್ ಹಚ್ಚಿ ಕೇಳು."

ಕೂಡಲೇ ಹಚ್ಚಿದೆ. ನನಗೂ ಅವಸರವಿತ್ತು.