ಕತ್ತಿಯಿಲ್ಲದ ಚಿಲಕಯ್ಯ

ಬಾಗಿಲಣ್ಣ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅಲ್ಲಿನ ಅರ್ಧಕ್ಕರ್ಧ ಮನೆಗಳ ಬಾಗಿಲು ಅವನ ಕೈಯಲ್ಲೇ ಆದದ್ದು. ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವನು, ನಾಲ್ಕು ತಿಂಗಳ ಹಿಂದೆ ಗರಗಸದ ಯಂತ್ರಕ್ಕೆ ಬಲಗೈಯ ಎರಡು ಬೆರಳು ಕೊಟ್ಟು ಮನೆ ಸೇರಿದ. ಗಾಯವೇನೋ ಮಾಯಿತು. ಆದರೆ ಉಳಿ ಹಿಡಿಯಲಾಗದ ಕೈ ಇದ್ದರೆಷ್ಟು ಬಿಟ್ಟರೆಷ್ಟು ಎಂದು ಅದನ್ನು ಹಗಲೆಲ್ಲ ಜೇಬಿನಲ್ಲಿ ಅಡಗಿಸಿಟ್ಟುಕೊಂಡೇ ಓಡಾಡುತ್ತಿದ್ದ. ಹೆಂಡತಿ ಹೇಳಿ ಹೇಳಿ ಸೋತಳು.

ಆ ವಾರ ಕೆಲಸದ ಜೊತೆಗಾರನೇ ಮನೆಗೆ ಬಂದ. ಒಟ್ಟಿಗೆ ಕೆಲಸ ಕಲಿತವನು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ. "ಸೋಮವಾರ ಬರ್ತೀಯೋ ಇಲ್ವೋ ಹೇಳ್ಬಿಡು ಕಣೋ. ಬರಲ್ಲ ಅಂದ್ರೆ ನಿನ್ನ ಮೇಜಿಗೆ ಬೇರೆ ಯಾರನ್ನಾದ್ರೂ ಹಾಕ್ಕೋತೀನಿ. ಕೆಲಸ ರಾಶಿ ಬಿದ್ದಿದೆ," ಎಂದ. ಅವನದೇನೂ ತಪ್ಪಿಲ್ಲ, ನಾಲ್ಕು ತಿಂಗಳು ಕಾದದ್ದೇ ದೊಡ್ಡದು. ಆದರೂ ಬಾಗಿಲಣ್ಣ ಮುಖ ಊದಿಸಿಕೊಂಡು ಎದ್ದು ಒಳಗೆ ಹೋದ.

ಅವನ ಸೋದರಸೊಸೆಗೆ, ಅಂದರೆ ತಂಗಿಯ ಮಗಳಿಗೆ, ಔಷಧಿ ಅಂಗಡಿಯಲ್ಲಿ ಕೆಲಸ. ಪ್ರತಿ ಭಾನುವಾರ ಮಧ್ಯಾಹ್ನ ಗೆಳೆಯರನ್ನು ಕಟ್ಟಿಕೊಂಡು ಮಾವನ ಮನೆಯ ಊಟದ ಮೇಜಿನ ಮೇಲೆ ಒಂದು ಆಟ ಆಡಿಸುತ್ತಿದ್ದಳು. ಇವಳು ಕಥೆ ಹೇಳುತ್ತಾ ಹೋಗುವುದು, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನುಗ್ಗುವುದು, ಗೆದ್ದರೋ ಸೋತರೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುವುದು. ಆ ಶುಕ್ರವಾರ ಅವಳು ಬಂದು ಮಾವನ ಮುಂದೆ ಒಂದು ಹಾಳೆ ಇಟ್ಟಳು.

"ನಾಡಿದ್ದು ಒಬ್ಬರು ಕಮ್ಮಿ ಇದಾರೆ ಮಾವ. ನೀನೂ ಒಬ್ಬ ಯೋಧನ್ನ ಮಾಡ್ಕೊಂಡು ಬಾ. ಹದಿನೈದು ಅಂಕ ಇದೆ, ಯಾವುದಕ್ಕೆ ಎಷ್ಟು ಬೇಕೋ ಹಂಚ್ಕೋ. ಕಥೆ ನಡೆಯೋದು ಬೆಟ್ಟದ ಸುರಂಗದಲ್ಲಿ. ಅದರ ಬಾಯಿ ಎರಡೂವರೆ ಅಡಿ ಅಗಲ, ಐದಡಿ ಎತ್ತರ."

ಬಾಗಿಲಣ್ಣ ಬೇಡವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅಳತೆ ಕಿವಿಗೆ ಬಿದ್ದಿತ್ತು. ಅಳತೆ ಕೇಳಿ ಸುಮ್ಮನಿರುವ ಬಡಗಿ ಇನ್ನೂ ಹುಟ್ಟಿಲ್ಲ.

ಶನಿವಾರ ಮಧ್ಯಾಹ್ನವೆಲ್ಲ ಕಿಟಕಿಯ ಬಳಿ ಕೂತು ಪಾತ್ರ ಕಟ್ಟಿದ. ಕತ್ತಿಯ ಕಾಲಂಗೆ ಸೊನ್ನೆ. ಬಿಲ್ಲಿಗೆ ಸೊನ್ನೆ. ಓಟಕ್ಕೆ ಒಂದು, ಅದೂ ಪಾಪ ಅಂತ. ಉಳಿದ ಹದಿನಾಲ್ಕನ್ನೂ 'ಹಿಡಿದ ಪಟ್ಟು ಬಿಡದಿರುವುದು' ಎಂಬ ಒಂದೇ ಗುಣಕ್ಕೆ ಸುರಿದ. ಹಾಳೆಯ ಹಿಂಬದಿಯಲ್ಲಿ ಗುರಾಣಿಯ ನಕ್ಷೆ ಬರೆದ. ಮೂರು ಪದರ ಹಲಗೆ, ಸುತ್ತ ಕಬ್ಬಿಣದ ಪಟ್ಟಿ, ಹಿಂದೆ ತೋಳು ತೂರಿಸಲು ಎರಡು ಚರ್ಮದ ಬಳೆ. ಬೆರಳಿಗೆ ಕೆಲಸವೇ ಇಲ್ಲ. ಯೋಧನಿಗೆ ಚಿಲಕಯ್ಯ ಎಂದು ಹೆಸರಿಟ್ಟ.

ಭಾನುವಾರ ಹಾಳೆ ನೋಡಿ ಮೇಜಿನ ಸುತ್ತ ಕೂತವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಹೊಡೆಯೋದಕ್ಕೇನೂ ಇಲ್ವಲ್ಲ ಅಂಕಲ್," ಎಂದಳು ಅವರಲ್ಲೊಬ್ಬಳು, ನರ್ಸು. ಆಟದಲ್ಲಿ ಅವಳು ಬಿಲ್ಲುಗಾರ್ತಿ.

"ಹೊಡೆಯೋಕೆ ನೀವಿದ್ದೀರಲ್ಲ," ಎಂದ ಬಾಗಿಲಣ್ಣ. ಬಲಗೈ ಜೇಬಿನಲ್ಲೇ ಇತ್ತು.

ಇನ್ನೊಬ್ಬ ಗೆಳೆಯ, ಕನ್ನಡಕದ ಗುಮಾಸ್ತ, ಆಟದಲ್ಲಿ ಮಂತ್ರವಾದಿ. ಹಾಳೆ ತಿರುಗಿಸಿ ನಕ್ಷೆ ನೋಡಿದವನು ಇನ್ನೊಂದು ತಪ್ಪು ಹೆಕ್ಕಿದ. "ಗುರಾಣಿ ಮೂರಡಿ ಅಗಲ, ಐದೂವರೆ ಅಡಿ ಎತ್ತರ. ಸುರಂಗದ ಬಾಯಿಗಿಂತ ದೊಡ್ಡದಾಯ್ತಲ್ಲ ಇದು."

ಬಾಗಿಲಣ್ಣನ ಮುಖ ಕೆಂಪೇರಿತು. ಮೂವತ್ತು ವರ್ಷದ ಚಾಳಿ. ಯಾರು ಯಾವ ಸಂದಿನ ಅಳತೆ ಹೇಳಿದರೂ ನಾಲ್ಕು ಕಡೆಗೂ ಚೌಕಟ್ಟು ಸೇರಿಸಿಯೇ ಬರೆದುಕೊಳ್ಳುತ್ತಿದ್ದ. ಗುರಾಣಿಗೂ ಚೌಕಟ್ಟು ಸೇರಿಸಿಬಿಟ್ಟಿದ್ದ. ಕೈ ಹೋದ ಮೇಲೆ ತಲೆಯೂ ಹೋಯಿತೇ ಎಂದು ಒಳಗೊಳಗೇ ಕುಗ್ಗಿದ. ಎದ್ದು ಹೋಗಬೇಕೆನಿಸಿತು. ಸೊಸೆ ಅಷ್ಟರಲ್ಲಿ ಕಥೆ ಶುರು ಮಾಡಿದ್ದಳು.

ಸುರಂಗದ ಹೊರಗೆ ಬಯಲು. ಗಾಯಗೊಂಡ ಹತ್ತು ಜನರನ್ನು ಸುರಂಗ ದಾಟಿಸಿ ಬೆಟ್ಟದ ಆಚೆ ಮುಟ್ಟಿಸಬೇಕು. ಅರ್ಧ ಜನ ಒಳಗೆ ಹೋಗುವಷ್ಟರಲ್ಲಿ ಹೋರಿಗಾತ್ರದ ಕಾಡುಹಂದಿಗಳ ಹಿಂಡು ನುಗ್ಗಿ ಬಂತು. ನರ್ಸಿನ ಬಾಣ ಅವುಗಳ ಚರ್ಮಕ್ಕೆ ನಾಟಲಿಲ್ಲ. ಗುಮಾಸ್ತನ ಬೆಂಕಿ ಉರಿಯುವ ಮೊದಲೇ ನಂದಿತು. ಹೇಗೋ ಎಲ್ಲರನ್ನೂ ಸುರಂಗದೊಳಗೆ ದಬ್ಬಿದರು.

"ಗುರಾಣಿನ ಅಡ್ಡ ತಿರುಗಿಸಿ ಒಳಗೆ ಎಳ್ಕೊಳ್ಳಿ ಅಂಕಲ್, ಬೇಗ," ಎಂದಳು ನರ್ಸು.

ಬಾಗಿಲಣ್ಣ ಎಡಗೈಯಿಂದ ಹಾಳೆಯನ್ನು ತನ್ನತ್ತ ಎಳೆದುಕೊಂಡ. "ಬೇಡ. ನಾನು ಒಳಗೆ ಬರ್ತೀನಿ, ಗುರಾಣಿ ಹೊರಗಿರಲಿ. ಸುರಂಗದ ಬಾಯಿಗೆ ಮುಚ್ಚಿ, ಒಳಗಿಂದ ಹಿಡ್ಕೋತೀನಿ. ಬಾಯಿಗಿಂತ ದೊಡ್ಡದು, ಒಳಗೆ ಬೀಳಲ್ಲ. ಹಂದಿಗೆ ಎಳೆಯೋಕೆ ಬರಲ್ಲ, ನೂಕೋಕೆ ಮಾತ್ರ ಬರುತ್ತೆ. ನೂಕಿದಷ್ಟೂ ಕಲ್ಲಿಗೆ ಬಿಗಿಯುತ್ತೆ."

ಮೇಜಿನ ಸುತ್ತ ಯಾರೂ ನಗಲಿಲ್ಲ. ಸೊಸೆ ಕಣ್ಣರಳಿಸಿ ಲೆಕ್ಕ ಹಾಕಿದಳು. "ಮೂರು ಸಲ ಗುದ್ದುತ್ವೆ. ಬೇರೆಯವರಾಗಿದ್ರೆ ಪ್ರತಿ ಸಲ ದಾಳದಲ್ಲಿ ಹದಿನೆಂಟು ಬೀಳಬೇಕಿತ್ತು. ನಿನ್ನ ಹದಿನಾಲ್ಕು ಕಳೆದ್ರೆ ನಾಲ್ಕು ಬಿದ್ರೆ ಸಾಕು ಮಾವ."

ಮೊದಲು ಹನ್ನೊಂದು ಬಿತ್ತು. ಆಮೇಲೆ ಒಂಬತ್ತು. ಮೂರನೆಯ ಸಲ ದಾಳ ಮೇಜಿನ ಅಂಚಿನವರೆಗೂ ಉರುಳಿ ಹೋಗಿ ನಾಲ್ಕಕ್ಕೆ ನಿಂತಿತು. ಹತ್ತು ಜನರೂ ಬೆಟ್ಟದ ಆಚೆ ಸೇರಿದ್ದರು. ಗುಮಾಸ್ತ ಬಾಗಿಲಣ್ಣನ ಬೆನ್ನಿಗೊಂದು ಗುದ್ದಿ, "ಚಿಲಕಯ್ಯನೋರೇ, ನಕ್ಕಿದ್ದು ತಪ್ಪಾಯ್ತು," ಎಂದ.

ಸೊಸೆ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು ನಕ್ಷೆಯನ್ನೇ ನೋಡುತ್ತಾ ಕೂತಳು. ಗೆರೆಗಳು ಎಲ್ಲೂ ಅಲುಗಿರಲಿಲ್ಲ, ಮೂಲೆಗಳು ಮೂಲೆಮಟ್ಟ ಇಟ್ಟ ಹಾಗಿದ್ದವು. "ಇದನ್ನ ಯಾರ ಕೈಲಿ ಬರೆಸಿದೆ ಮಾವ?"

"ಯಾರ ಕೈಲಿ ಅಂದ್ರೆ? ನಾನೇ ಬರೆದಿದ್ದು. ಎಡಗೈಲಿ."

"ಮತ್ತೆ ಸ್ಕೇಲು ಜಾರಲಿಲ್ವಾ?"

ಲೋಟಗಳನ್ನು ಎತ್ತಲು ಬಂದಿದ್ದ ಹೆಂಡತಿಯೇ ಹೇಳಿದಳು. "ಎಲ್ಲಿ ಜಾರುತ್ತೆ? ನಿನ್ನೆ ಮಧ್ಯಾಹ್ನ ಪೂರ್ತಿ ಬಲಗೈಲಿ ಒತ್ತಿ ಹಿಡ್ಕೊಂಡು ಕೂತಿದ್ರು. ನಾನು ನೋಡ್ತಾನೇ ಇದ್ದೆ. ಎಲ್ಲಿ ಬಾಯಿ ಬಿಟ್ರೆ ಮತ್ತೆ ಜೇಬಿಗೆ ಹಾಕ್ಕೋತಾರೋ ಅಂತ ಸುಮ್ನಿದ್ದೆ."

ಬಾಗಿಲಣ್ಣ ಬಲಗೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು ನೋಡಿದ. ಮೂರು ಬೆರಳು, ಅಗಲವಾದ ಅಂಗೈ. ಉಳಿ ಹಿಡಿಯುವ ಕೈ ಅದಲ್ಲ, ನಿಜ. ಆದರೆ ಬಾಗಿಲು ಮಾಡುವಾಗ ಒಂದು ಕೈ ಕೆತ್ತುತ್ತದೆ, ಇನ್ನೊಂದು ಹಿಡಿದಿರುತ್ತದೆ. ನಾಲ್ಕು ತಿಂಗಳಿಂದ ಅವನು ಕೆತ್ತುವ ಕೈಗಾಗಿ ಮಾತ್ರ ಅತ್ತಿದ್ದ. ಈಗ ಕಣ್ಣು ತುಂಬಿ ಬಂದದ್ದು ಬೇರೆ ಕಾರಣಕ್ಕೆ, ಅದನ್ನು ಅವನು ಮುಚ್ಚಿಡಲೂ ಇಲ್ಲ.

ಸೋಮವಾರ ಬೆಳಗ್ಗೆ ಜೊತೆಗಾರ ಮರಗೆಲಸದ ಅಂಗಡಿಯ ಬೀಗ ತೆಗೆಯಲು ಬಂದಾಗ ಬಾಗಿಲಣ್ಣ ಆಗಲೇ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಹೋಗಿ ತನ್ನ ಮೇಜಿನ ದೂಳು ಒರೆಸಿದ. ಹಲಗೆಯೊಂದನ್ನು ಬಲ ಅಂಗೈಯಲ್ಲಿ ಒತ್ತಿ ಹಿಡಿದು, ಎಡಗೈಗೆ ಉಳಿ ತೆಗೆದುಕೊಂಡ.

"ನಿಧಾನ ಆಗುತ್ತೆ ಕಣೋ," ಎಂದ.

"ಆಗ್ಲಿ ಬಿಡು," ಎಂದು ಜೊತೆಗಾರ ಕಿಟಕಿ ತೆರೆದ.